ಆಕಾಶದ ದನಿ, ಟ್ಯಾಂಕಿನ ದನಿ

ಆಗ ನನಗೆ ಮೂವತ್ತಾರು. ಅದಾಗಿ ನಲವತ್ತು ವರ್ಷ ದಾಟಿತು. ದೆವ್ವ, ಗಾಳಿ ಎಂದು ಬಂದವರನ್ನು ಬೈದು ಕಳಿಸುತ್ತಿದ್ದವಳು ನಾನು. ಈಗಲೂ ಅದನ್ನೆಲ್ಲ ನಂಬುವುದಿಲ್ಲ. ಆದರೆ ಇದೊಂದನ್ನು ಏನೆಂದು ಹೇಳಬೇಕೋ ತಿಳಿಯದು. ನನ್ನ ಓದು ಬರಹ ಅಷ್ಟಕ್ಕಷ್ಟೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಾವಿದ್ದದ್ದು ದಾಸರಹಳ್ಳಿಯಲ್ಲಿ. ಅಲ್ಲೇ ಹತ್ತಿರದ ಒಂದು ಶೆಡ್ಡಿನಲ್ಲಿ ನನ್ನ ಗಂಡನಿಗೆ ಕಬ್ಬಿಣದ ಟ್ಯಾಂಕುಗಳ ಒಳಗಿಳಿದು ಬಣ್ಣ ಬಳಿಯುವ ಕೆಲಸ. ಘಾಟು ತಲೆಗೇರಿದರೆ ಮನುಷ್ಯ ಅಲ್ಲೇ ಬೀಳುತ್ತಾನೆ. ಅದಕ್ಕೇ ಸೊಂಟಕ್ಕೆ ಹಗ್ಗ ಕಟ್ಟಿ, ಟ್ಯಾಂಕಿನ ಬಾಯಿಯಲ್ಲಿ ಒಬ್ಬನನ್ನು ಕೂರಿಸುತ್ತಿದ್ದರು. ಅವನು ಆಗಾಗ "ಇದ್ದೀಯಾ?" ಎಂದು ಕೂಗಬೇಕು, ಒಳಗಿನವನು "ಇದ್ದೀನಿ" ಎನ್ನಬೇಕು. ದನಿ ದಪ್ಪಗಾಗಿ ಎಳೆದರೆ ಹಗ್ಗ ಜಗ್ಗಿ ಮೇಲೆತ್ತಬೇಕು. ಬುತ್ತಿ ಕೊಡಲು ಹೋದಾಗ ನಾನೂ ಹಾಗೇ ಕೂಗುತ್ತಿದ್ದೆ. "ಗಂಡನ್ಗೆ ಏಕವಚನವೇನೇ?" ಎಂದು ಅವರು ಒಳಗಿಂದ ನಗುತ್ತಿದ್ದರು. ಖಾಲಿ ಹಂಡೆಗೆ ಬಾಯಿಟ್ಟು ಮಾತಾಡಿದ ಹಾಗೆ ಕೇಳುತ್ತಿತ್ತು.

ನಮ್ಮ ದೇಶದವನೊಬ್ಬ ರಷ್ಯಾದವರ ಜೊತೆ ಆಕಾಶಕ್ಕೆ ಹೋದ ವರ್ಷ ಅದು. ಅವನ ಮಾತು ರೇಡಿಯೋದಲ್ಲಿ ಬರುತ್ತದೆಂದು ಪಕ್ಕದ ಮನೆಯ ಶಾರದಮ್ಮ ಕರೆದರು. ಬರೀ ಚಟಪಟ, ಗೊರಗೊರ. ನಡುವೆ ಹಿಂದಿ, ನನಗೆ ಬಾರದು. ಆದರೆ ಆ ಟೊಳ್ಳು ದನಿ ನನಗೆ ಗೊತ್ತಿತ್ತು. ಅದು ಟ್ಯಾಂಕಿನ ದನಿ. ತಡೆಯಲಾರದೆ "ಇದ್ದೀಯಾ?" ಎಂದುಬಿಟ್ಟೆ.

"ಅವ್ನು ಆಕಾಶದಲ್ಲಿದಾನೆ ಕಣಮ್ಮ, ನಿನ್ ಯಜಮಾನ್ರಲ್ಲ," ಎಂದು ಶಾರದಮ್ಮ ನಕ್ಕರು.

ಅಷ್ಟರಲ್ಲಿ ಚಟಪಟ ನಿಂತಿತು. "ಇದ್ದೀ...ನಿ" ಎಂದಿತು ರೇಡಿಯೋ. ನನ್ನ ಗಂಡನ ದನಿ. ದಪ್ಪಗೆ, ಎಳೆದುಕೊಂಡು. ಶಾರದಮ್ಮನಿಗೆ ಅದು ಕೇಳಿಸಲೇ ಇಲ್ಲವಂತೆ.

ಚಪ್ಪಲಿ ಮೆಟ್ಟದೆ ಓಡಿದೆ. ಟ್ಯಾಂಕಿನ ಬಾಯಿಯಲ್ಲಿ ಯಾರೂ ಇಲ್ಲ. ಕೂಗಿದೆ, ಒಳಗಿಂದ ಸದ್ದಿಲ್ಲ. ಅಲ್ಲಿ ಕೂತಿರಬೇಕಾದ ರಂಗ ಎದುರಿನ ಟೀ ಅಂಗಡಿಯಲ್ಲಿ ಅದೇ ಆಕಾಶದ ಮಾತು ಕೇಳುತ್ತ ನಿಂತಿದ್ದ.

"ಲೇ ರಂಗ, ಒಳ್ಗೆ ಉಸ್ರಿಲ್ಲ, ಬಾರೋ!"

"ಅಣ್ಣ ಈಗ್ ತಾನೆ ಓಗೊಟ್ಟ ಕಣಕ್ಕ, ಚೆನ್ನಾಗೇ..."

"ಹಗ್ಗ ಹಿಡಿಯೋ ಮುಂಡೇದೆ!"

ಇಬ್ಬರೂ ಜಗ್ಗಿದೆವು. ನನ್ನ ಗಂಡ ಮೂಟೆಯ ಹಾಗೆ ಮೇಲೆ ಬಂದರು. ತುಟಿ ನೀಲಿಗಟ್ಟಿತ್ತು. ನೀರೆರಚಿ, ಸೆರಗಿನಲ್ಲಿ ಗಾಳಿ ಬೀಸಿ, ಕೆನ್ನೆಗೆ ಬಾರಿಸಿದ ಮೇಲೆ ಉಸಿರೆಳೆದರು.

ಸಂಜೆ ಅವರೇ ಹೇಳಿದರು: "ನೀನ್ ಕರ್ದೆ ಅಲ್ವೇನೆ? ಒಗ್ಗರಣೆ ಸಿಡ್ದಂಗೆ ಚಟಪಟ ಅಂತಿತ್ತು, ಅದ್ರೊಳ್ಗಿಂದ ಕರ್ದೆ. ಇದ್ದೀನಿ ಅಂದೆ. ಆಮೇಲೆ ಗೊತ್ತಿಲ್ಲ."

ನಾನು ಕರೆದದ್ದು ಶಾರದಮ್ಮನ ನಡುಮನೆಯಲ್ಲಿ ಕೂತು. ಅದು ಟ್ಯಾಂಕಿನೊಳಗೆ ಹೇಗೆ ಹೋಯಿತು? ನನಗೆ ಇವತ್ತಿನವರೆಗೆ ತಿಳಿದಿಲ್ಲ.

ಮರುದಿನ ಬೆಳಿಗ್ಗೆ ಅವರಿಗೆ ಏಳಲಾಗಲಿಲ್ಲ. ಅದನ್ನು ಹೇಳಿ ಬರಲು ನಾನು ಶೆಡ್ಡಿಗೆ ಹೋದೆ. ಅರ್ಧಕ್ಕೆ ನಿಂತ ಕೆಲಸಕ್ಕೆ ರಂಗನನ್ನೇ ಇಳಿಸಿದ್ದರು. ಮೇಲೆ ಕೂಗುವವರು ಯಾರೂ ಇರಲಿಲ್ಲ. ಟ್ಯಾಂಕಿನ ಬಾಯಿಗೆ ಬಗ್ಗಿ ಅವನ ವಂಶವನ್ನೆಲ್ಲ ಜಾಲಾಡಿದೆ. ಆಮೇಲೆ ಅಲ್ಲೇ ಕೂತು, ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು, "ಇದ್ದೀಯಾ?" ಎಂದು ಕೂಗಿದೆ.