ಮುಚ್ಚಳದ ಮೇಲಿನ ಅರಮನೆ

ಇವತ್ತು ಬೆಳಿಗ್ಗೆ ಅಡುಗೆಮನೆಯ ಅಟ್ಟದಿಂದ ಕರಿಮೆಣಸಿನ ಡಬ್ಬ ಇಳಿಸಿದೆ. ಮುಚ್ಚಳ ತೆಗೆದದ್ದೇ ತಡ, ಘಾಟು ಮೂಗಿಗೆ ಬಡಿದು ಸಾಲಾಗಿ ಸೀನು ಬಂತು. ಮಗಳು ನನ್ನನ್ನು ಮೈಸೂರಿಗೆ ಕರೆದುಕೊಂಡು ಹೋಗಿ ಅರಮನೆ ತೋರಿಸುತ್ತೇನೆಂದು ಹಟ ಹಿಡಿದಿದ್ದಾಳೆ. ಅಲ್ಲಿನ ನೆಂಟರಿಗೆ ಒಂದಿಷ್ಟು ಮೆಣಸು ಕಟ್ಟೋಣವೆಂದು ನಾನು ಡಬ್ಬಕ್ಕೆ ಕೈಹಾಕಿದ್ದು. "ಅಪ್ಪ, ಇದನ್ನ ಇನ್ನೂ ಬಿಸಾಕಿಲ್ವಾ? ಬರೀ ತುಕ್ಕು" ಎಂದಳು.

ತುಕ್ಕು ಹೌದು. ಮುಚ್ಚಳದ ಮೇಲೆ ಲಂಡನ್ನಿನಲ್ಲಿರುವ ರಾಜನ ಅರಮನೆಯ ಚಿತ್ರವಿತ್ತು. ಈಗ ಉಳಿದಿರುವುದು ಕಿಟಕಿಗಳ ಒಂದು ಸಾಲು, ಜೊತೆಗೆ ಕಾವಲುಗಾರನ ಕಾಲು ಮಾತ್ರ. ಆದರೆ ನಮ್ಮ ಇಡೀ ಊರು ಲಂಡನ್ ನೋಡಿದ್ದು ಈ ಮುಚ್ಚಳದ ಮೇಲೆಯೇ. ಅಂಥದ್ದನ್ನು ಬಿಸಾಡುವುದು ಹೇಗೆ, ನೀವೇ ಹೇಳಿ.

ನನ್ನ ಸೋದರಮಾವ ಪೂವಯ್ಯ ಬ್ರಿಟಿಷರ ಕಾಲದಲ್ಲಿ ಪೊನ್ನಂಪೇಟೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರಾಗಿದ್ದರು. ಎಸ್ಟೇಟಿನ ದೊರೆಗೆ ಒಂದು ನಾಯಿ ಇತ್ತು. ಮಾವ ಎದುರು ನಿಂತು ಚೆನ್ನಾಗಿ ಬೈದರೆ ಮಾತ್ರ ಅದು ಊಟಕ್ಕೆ ಬಾಯಿ ಹಾಕುತ್ತಿತ್ತು. ದೊರೆ ಇಂಗ್ಲಿಷಿನಲ್ಲಿ ಬೈದು ನೋಡಿದರಂತೆ, ಅದು ಮುಖ ತಿರುಗಿಸಿಕೊಂಡಿತಂತೆ. ಹಾಗಾಗಿ ದೊರೆ ರಜೆಗೆಂದು ತಮ್ಮ ದೇಶಕ್ಕೆ ಹೊರಟಾಗ ನಾಯಿಗೆ ಬೈಯುವ ಉದ್ಯೋಗದ ಮೇಲೆ ಮಾವನೂ ಹಡಗು ಹತ್ತಿದರು. ಇಂಥ ಕೆಲಸಕ್ಕೆ ಸಮುದ್ರ ದಾಟಿದವರು ಕೊಡಗಿನಲ್ಲಿ ಇನ್ನೊಬ್ಬರಿಲ್ಲ.

ಅಲ್ಲಿ ಇಳಿದ ಕೂಡಲೇ, ಹೊರದೇಶದ ನಾಯಿಗೆ ಹುಚ್ಚು ಇದ್ದರೂ ಇರಬಹುದೆಂದು ಸರ್ಕಾರದವರು ಅದನ್ನು ತಿಂಗಳುಗಟ್ಟಲೆ ಕೂಡಿಹಾಕಲು ಎಳೆದುಕೊಂಡು ಹೋದರು. ಮಾವನಿಗೆ ಕೆಲಸ ಹೋಯಿತು. ಮುಂದಿನ ಹಡಗಿಗೇ ವಾಪಸು ಕಳಿಸುವುದೆಂದು ದೊರೆ ತೀರ್ಮಾನಿಸಿದರು. ನಡುವೆ ಲಂಡನ್ ನೋಡಲು ಸಿಕ್ಕಿದ್ದು ಒಂದೇ ದಿನ.

ಆ ಒಂದು ದಿನದ ಮೇಲೆ ನಮ್ಮ ಅತ್ತೆಯ ಮಾನ ನಿಂತಿತ್ತು. ಗಂಡ ರಾಜನ ಅರಮನೆ ನೋಡಿಬಂದು ವರ್ಣಿಸುತ್ತಾರೆಂದು ಅವರು ಸುತ್ತಲಿನ ಮನೆಗಳಿಗೆಲ್ಲ ಸಾರಿಬಿಟ್ಟಿದ್ದರು. ಹೊರಡುವಾಗ ಮಾವನಿಗೆ ಹೇಳಿದ್ದೂ ಅಷ್ಟೇ: "ನಂಗೆ ಏನೂ ತರೋದು ಬೇಡ. ಅರಮನೆ ಒಂದನ್ನ ಸರಿಯಾಗಿ ನೋಡ್ಕೊಂಡು ಬನ್ನಿ. ಎಷ್ಟು ಕಿಟಕಿ, ಒಲೆ ಹೊಗೆ ಎಲ್ಲಿಂದ ಹೋಗುತ್ತೆ, ಎಲ್ಲಾ. ನೋಡದೆ ಬಂದ್ರೆ ನಾನು ಆ ಹೆಂಗಸರ ಮುಂದೆ ಮುಖ ಎತ್ತೋದು ಹೇಗೆ?"

ಮಾವ ನಮ್ಮ ಕೊಡವರ ಮೊಣಕಾಲುದ್ದದ ಕಪ್ಪು ಕುಪ್ಯ ತೊಟ್ಟು, ಸೊಂಟಕ್ಕೆ ಕೆಂಪು ರೇಷ್ಮೆಯ ಚೇಲೆ ಬಿಗಿದು ಹೊರಟರು. ಅದಕ್ಕೆ ಸಿಕ್ಕಿಸುವ ಪೀಚೆಕತ್ತಿಯನ್ನು ಮಾತ್ರ ದೊರೆ ಕಸಿದಿಟ್ಟುಕೊಂಡಿದ್ದರು. ದಾರಿ ಕೇಳಿಕೊಂಡು ಕೇಳಿಕೊಂಡು ನಡೆದು, ಇನ್ನೊಂದು ತಿರುವು ದಾಟಿದರೆ ಅರಮನೆ ಎನ್ನುವಾಗ ಎಲ್ಲೋ ಢಂ ಎಂದಿತು.

ನಮ್ಮಲ್ಲಿ ಗಂಡುಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು ಹಾರಿಸುತ್ತಾರೆ, ಯಾರಾದರೂ ತೀರಿಕೊಂಡರೆ ಎರಡು. ಎರಡು ಕೇಳಿಸಿತೆಂದರೆ ಕೈಯಲ್ಲಿರುವುದನ್ನು ಅಲ್ಲೇ ಬಿಟ್ಟು ಆ ಮನೆಗೆ ಹೋಗಬೇಕು. ಮಾತು ಬಿಟ್ಟ ಮನೆಯಾದರೂ ಹೋಗಬೇಕು. ಮೊದಲ ಸದ್ದಿಗೆ ಮಾವ, ಯಾರಿಗೋ ಗಂಡುಮಗು ಆಯಿತಲ್ಲ ಎಂದು ಖುಷಿಪಟ್ಟರು. ಅಷ್ಟರಲ್ಲಿ ಇನ್ನೊಂದು ಢಂ. ಮಾವ ಅರಮನೆಗೆ ಬೆನ್ನು ಹಾಕಿ ಸದ್ದು ಬಂದ ಕಡೆಗೆ ಓಡಿದರು.

ಸದ್ದು ನಿಲ್ಲಲಿಲ್ಲ. ಎರಡೆರಡಕ್ಕೆ ಒಂದು ಹೆಣದಂತೆ ಲೆಕ್ಕ ಹಾಕಿ ಮಾವ ಕಂಗಾಲಾದರು. ಊರಿಗೆ ಊರೇ ಸಾಯುತ್ತಿದೆ, ಜನ ನೋಡಿದರೆ ಬಿಸಿಲು ಕಾಯಿಸಿಕೊಳ್ಳುತ್ತ ಬೆಂಚಿನ ಮೇಲೆ ಕೂತಿದ್ದಾರೆ! ಒಬ್ಬ ಪೊಲೀಸನನ್ನು ತಡೆದು ತಮ್ಮ ಎಸ್ಟೇಟ್ ಇಂಗ್ಲಿಷಿನಲ್ಲಿ ಸಾವಿನ ಮನೆ ಎಲ್ಲಿ ಎಂದು ಕೇಳಿದರು. ಅವನು ಇವರ ವೇಷವನ್ನು ಅಡಿಯಿಂದ ಮುಡಿಯವರೆಗೆ ನೋಡಿ ದೂರದ ಒಂದು ಗಲ್ಲಿಯ ಕಡೆ ಕೈ ತೋರಿಸಿದ. ಪೀಡೆ ತೊಲಗಲಿ ಎಂದೇ ಇರಬೇಕು.

ವಿಚಿತ್ರ ನೋಡಿ, ಆ ಗಲ್ಲಿಯಲ್ಲಿ ನಿಜವಾಗಿಯೂ ಒಂದು ಮನೆಯ ಬಾಗಿಲಿಗೆ ಕಪ್ಪು ಬಟ್ಟೆ ಕಟ್ಟಿತ್ತು. ಒಳಗೆ ಶವಪೆಟ್ಟಿಗೆ, ಪಕ್ಕದಲ್ಲಿ ಒಬ್ಬಳೇ ಅಜ್ಜಿ. ಸತ್ತವನು ಅವಳ ಗಂಡ, ಕೊಡೆ ರಿಪೇರಿಯವನು. ಹೊರಲು ಬಂದ ಕೂಲಿಯವರು ಒಬ್ಬ ಕಡಿಮೆಯಾಗಿ ಬಾಗಿಲಲ್ಲೇ ನಿಂತಿದ್ದರು. ಮಾವ ತಲೆ ಬಾಗಿಸಿ ಒಳಗೆ ಹೋದರು. ಸಾವಿನ ಮನೆಯಲ್ಲಿ ಒಲೆ ಉರಿಯಬಾರದೆಂದು ಮೊದಲು ಒಲೆ ಆರಿಸಿದರು. ಅದರ ಮೇಲೆ ಅಜ್ಜಿಯ ಟೀ ಅರ್ಧ ಕುದಿದಿತ್ತು.

ಅಜ್ಜಿ ಕಣ್ಣರಳಿಸಿ, "ನೀವು ಇಂಡಿಯಾದಿಂದ ಬಂದಿರಾ? ಇವರಿಗೋಸ್ಕರ?" ಎಂದು ಕೇಳಿದಳು.

ಮಾವನಿಗೆ ಅರ್ಥವಾದದ್ದು ಅರ್ಧ. "ಯೆಸ್ ಮೇಡಂ."

"ಆಗಿನಿಂದ ಕೇಳಿಸ್ತಿದೆಯಲ್ಲ, ರಾಜರ ಫಿರಂಗಿ, ಅದೂ ಇವರಿಗೇನಾ?"

"ಯೆಸ್ ಮೇಡಂ."

ಅಜ್ಜಿ ಕುರ್ಚಿಯಲ್ಲಿ ಕುಸಿದಳು. "ನಂಗೆ ಗೊತ್ತಿತ್ತು. ಇವರು ಬರೀ ಕೊಡೆ ರಿಪೇರಿಯವರಲ್ಲ ಅಂತ. ನನಗೊಂದು ಮಾತು ಹೇಳಲಿಲ್ಲ ನೋಡಿ" ಎಂದು ಅತ್ತಳು. ಮಾವನೂ ಅತ್ತರು. ಆಮೇಲೆ ಪೆಟ್ಟಿಗೆಗೆ ಹೆಗಲು ಕೊಟ್ಟರು. ಮಣ್ಣು ಮಾಡಿ ಬರುವಷ್ಟರಲ್ಲಿ ಸಂಜೆಯಾಗಿತ್ತು. ಅಜ್ಜಿ ಅವರ ಕೈಗೆ ಒಂದು ಬಿಸ್ಕತ್ತಿನ ಡಬ್ಬ ಇಟ್ಟು ಕಳಿಸಿದಳು.

ಎಲ್ಲ ಕೇಳಿದ ದೊರೆ ತಲೆ ಚಚ್ಚಿಕೊಂಡರು. "ಪೂವಯ್ಯ, ಅದು ರಾಜರ ಹುಟ್ಟುಹಬ್ಬದ ಗುಂಡು!"

"ಹುಟ್ಟಿದ್ದಕ್ಕೆ ಒಂದು ಸಾಲದಾ, ದೊರೆ?" ಎಂದರಂತೆ ಮಾವ.

ಮಾವ ಊರಿಗೆ ಬಂದ ದಿನ ಅಂಗಳದ ತುಂಬ ಹೆಂಗಸರು. ಮಾವ ಅತ್ತೆಯನ್ನು ಅಡುಗೆಮನೆಗೆ ಕರೆದು ಇದ್ದದ್ದು ಇದ್ದ ಹಾಗೆ ಹೇಳಿದರು. ಅತ್ತೆ ಡಬ್ಬವನ್ನು ಕೈಗೆ ತೆಗೆದುಕೊಂಡು ಕೇಳಿದರು:

"ಆ ಅಜ್ಜಿ ಮನೆಗೆ ಬೇರೆ ಯಾರೂ ಬರ್ಲಿಲ್ವಾ?"

"ಇಲ್ಲ. ನಾನೊಬ್ಬನೇ."

"ಹಂಗಾದ್ರೆ ಹೋಗಿದ್ದು ಒಳ್ಳೇದಾಯ್ತು ಬಿಡಿ" ಎಂದ ಅತ್ತೆ, ಡಬ್ಬವನ್ನು ಸೆರಗಿನಿಂದ ಒರೆಸಿ ಹೊರಗೆ ಬಂದರು. "ಬನ್ರೇ, ಅರಮನೆ ನೋಡಿ. ಇದು ದೊಡ್ಡ ಬಾಗಿಲು. ಇವನು ಕಾವಲಿನವನು. ಇವನನ್ನ ಕೇಳಿಯೇ ನಮ್ಮವರು ಒಳಗೆ ಹೋದದ್ದು!" ಮುಂದೆ ವರ್ಷಾನುಗಟ್ಟಲೆ ಮನೆಗೆ ಬಂದವರಿಗೆಲ್ಲ ಅರಮನೆ ತೋರಿಸಿ ತೋರಿಸಿ, ಅತ್ತೆಯ ಬೆರಳಿಗೆ ಆ ಕಾವಲುಗಾರ ಸೊಂಟದವರೆಗೆ ಸವೆದುಹೋದ.

ಈ ಕಥೆ ಹೇಳಿ ನಾನು ಗೋಣಿಕೊಪ್ಪಲು ಸಂತೆಯಲ್ಲಿ ಎಷ್ಟು ಜನರನ್ನು ನಗಿಸಿದ್ದೇನೋ. ಮಾವನ ಪೆದ್ದುತನ ಅಂದರೆ ನನಗೂ ಭಾರಿ ಇಷ್ಟ. ಇವತ್ತೂ ಡಬ್ಬ ಒರೆಸುತ್ತ ಒಬ್ಬನೇ ನಗುತ್ತಿದ್ದೆ. ಅಷ್ಟರಲ್ಲಿ ಗದ್ದೆಯ ಆಚೆಯಿಂದ ಒಂದು ಗುಂಡಿನ ಸದ್ದು ಕೇಳಿತು. ಕಿವಿಗೊಟ್ಟು ನಿಂತೆ. ಗಂಡುಮಗುವಾಗಿರಲಿ ದೇವರೇ ಎಂದುಕೊಳ್ಳುವಾಗಲೇ ಎರಡನೆಯದೂ ಕೇಳಿತು.

"ಅಪ್ಪ, ಜೀಪು ಬಂತು. ತಡವಾದ್ರೆ ಅರಮನೆ ನೋಡೋಕೆ ಆಗಲ್ಲ" ಎಂದು ಮಗಳು ಅಂಗಳದಿಂದ ಕೂಗಿದಳು.

ಅರಮನೆಯ ಮುಚ್ಚಳ ಹಾಕಿ ಡಬ್ಬವನ್ನು ಅಟ್ಟಕ್ಕೇರಿಸಿದೆ. ಜೀಪಿನಲ್ಲಿ ಕೂತು ಡ್ರೈವರಿಗೆ ಹೇಳಿದೆ: "ಮೈಸೂರು ಬೇಡ. ಆ ಸದ್ದು ಬಂತಲ್ಲ, ಅತ್ಲಾಗೆ ಬಿಡು. ಯಾರ ಮನೆ ಅಂತ ಹೋಗಿ ಕೇಳುವಾ."