ಮಾರ್ಗರೆಟ ಮೇಡಂ ಹೇಳದೇ ಬಿಟ್ಟ ತಪ್ಪು

ಭಾಲ್ಕಿಯ ಒಂದು ಪದವಿ ಕಾಲೇಜಿನಲ್ಲಿ ಮಾರ್ಗರೆಟ ಹದಿನಾಲ್ಕು ವರ್ಷದಿಂದ ಸಮಾಜಶಾಸ್ತ್ರದ ಅತಿಥಿ ಉಪನ್ಯಾಸಕಿ. ಬೀದರದ ಗಾಂಧಿ ಗಂಜಿನ ಧಾನ್ಯ ಮಾರುಕಟ್ಟೆಯಲ್ಲಿ ಕಾಳು ಹಸನು ಮಾಡುವ ಹೆಂಗಸರ ಬಗ್ಗೆ ಸಂಶೋಧನಾ ಪ್ರಬಂಧ ಬರೆಯಬೇಕೆಂದು ಆರು ವರ್ಷ ಅಲ್ಲಿಗೆ ಓಡಾಡಿದ್ದಳು. ಟಿಪ್ಪಣಿಗಳೇ ಎರಡು ಚೀಲ ತುಂಬಿದ್ದವು. ಆದರೆ ರೂಪರೇಷೆ ಹಾಕಲು ಕೂತರೆ ಒಂದು ಭಾಗ ಮೂರಾಗುತ್ತಿತ್ತು, ಮೂರು ಒಂಬತ್ತಾಗುತ್ತಿದ್ದವು. ಕೊನೆಗೆ ಹಾಳೆ ಮಡಚಿಟ್ಟು ಎದ್ದುಬಿಡುತ್ತಿದ್ದಳು.

ಹೋದ ವರ್ಷ ಅದೇ ವಿಭಾಗಕ್ಕೆ ನಾಹೀದ ಬಂದಳು. ಇಪ್ಪತ್ತಾರರ ಹುಡುಗಿ, ಬೀದರದಿಂದ ದಿನಾ ಬಸ್ಸಿನಲ್ಲಿ ಬರುವವಳು. ಮೂರು ತಿಂಗಳಾಗುವಷ್ಟರಲ್ಲಿ, ಖಟಕ ಚಿಂಚೋಳಿ ಹಳ್ಳಿಯ ಕೂಲಿ ಹೆಣ್ಣುಮಕ್ಕಳು ದಿನಕ್ಕೆ ಎಷ್ಟು ತಾಸು ದುಡಿಯುತ್ತಾರೆ ಎಂಬುದರ ಮೇಲೆ ಒಂದು ರೂಪರೇಷೆ ತಂದು ಮುಂದಿಟ್ಟಳು.

"ಮೇಡಂ, ಒಂದ್ಸಲ ನೋಡ್ತೀರೇನ್ರಿ?"

ಒಂದೇ ಹಾಳೆ. ಮೇಲೆ ಒಂದು ಪ್ರಶ್ನೆ. ಕೆಳಗೆ ಯಾರನ್ನು ಕೇಳಿದೆ, ಏನು ಗೊತ್ತಾಯಿತು, ಅದರಿಂದ ಏನು ಹೇಳಬಹುದು. ಯಾವುದಕ್ಕೆ ಎಷ್ಟು ಪುಟ ಎಂಬುದನ್ನೂ ಬರೆದಿದ್ದಳು.

"ಎಷ್ಟು ದಿನ ಹಿಡೀತು?" ಮಾರ್ಗರೆಟ ಕೇಳಿದಳು.

"ನಿನ್ನಿ ಬಸ್ಸಿನ್ಯಾಗ ಬರ್ದೀನ್ರಿ."

ಬಸ್ಸಿನಲ್ಲಿ! ಮಾರ್ಗರೆಟಳಿಗೆ ಹೊಟ್ಟೆಯಲ್ಲಿ ಕೆಂಡ ಬಿದ್ದಂತಾಯಿತು. ಆಗಲೇ ಯಾರನ್ನು ಕೇಳಿದೆ ಎಂಬ ಎರಡನೇ ಅಂಶದ ಮೇಲೆ ಅವಳ ಕಣ್ಣು ನಿಂತಿತು. ನಾಹೀದ ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರರವರೆಗೆ ಮನೆಮನೆಗೆ ಹೋಗಿ ಅರವತ್ತು ಹೆಂಗಸರನ್ನು ಮಾತಾಡಿಸಿದ್ದಳು. ಆ ಹೊತ್ತಿಗೆ ಕೂಲಿಯವರು ಹೊಲದಲ್ಲಿರುತ್ತಾರೆ. ಮನೆಯಲ್ಲಿ ಸಿಗುವವರು ಬಾಣಂತಿಯರು, ಮುದುಕಿಯರು, ಮೈಯಲ್ಲಿ ಹುಷಾರಿಲ್ಲದವರು. ಒಂದು ಮಾತು ಹೇಳಿದ್ದರೆ ಸಾಕಿತ್ತು.

"ಛಲೋ ಅದ. ಹಿಂಗೇ ಬರಿ," ಎಂದು ಹಾಳೆ ವಾಪಸು ಕೊಟ್ಟಳು.

ಮುಂದಿನ ಎರಡು ತಿಂಗಳು ಸ್ಟಾಫ್ ರೂಮಿನಲ್ಲಿ ನಾಹೀದ ಟೈಪು ಮಾಡುವ ಸದ್ದು ಕೇಳಿದಾಗಲೆಲ್ಲ ಮಾರ್ಗರೆಟ ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದಳು. "ನಾಹೀದಂದು ಮುಗೀತಂತ, ನಿಮ್ದು ಎಲ್ಲಿಗಿ ಬಂತ್ರಿ?" ಎಂದು ಪ್ರಾಂಶುಪಾಲ ವೈಜಿನಾಥ ಸರ್ ಒಮ್ಮೆ ಕೇಳಿದರು. ಅವತ್ತು ಅವಳಿಗೆ ಊಟ ಸೇರಲಿಲ್ಲ.

ಜನವರಿಯಲ್ಲಿ ಬೀದರದಲ್ಲಿ ವಿಚಾರ ಸಂಕಿರಣ. ನಾಹೀದ ಪ್ರಬಂಧ ಓದಿ ಮುಗಿಸುತ್ತಲೇ ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದರು.

"ತಂಗಿ, ನೀವು ಹನ್ನೊಂದಕ್ಕ ಹೋದ್ರ ಕೂಲಿಯವ್ರು ಮನ್ಯಾಗ ಹ್ಯಾಂಗ ಸಿಗ್ತಾರ?"

ಸಭೆ ನಕ್ಕಿತು. "ಅದು ನಂಗ ಹೊಳೀಲಿಲ್ರಿ. ತಪ್ಪಾಗ್ಯದ," ಎಂದಳು ನಾಹೀದ. ತನಗೆ ಖುಷಿಯಾಗುತ್ತದೆಂದು ಮಾರ್ಗರೆಟ ಕಾದು ಕೂತಿದ್ದಳು. ಆಗಲಿಲ್ಲ.

ಹೊರಗೆ ಬೇವಿನ ಮರದ ಕೆಳಗೆ ನಾಹೀದ ಒಬ್ಬಳೇ ಚಹಾ ಹಿಡಿದು ನಿಂತಿದ್ದಳು. ಮಾರ್ಗರೆಟ ಹತ್ತಿರ ಹೋದಳು.

"ಆ ತಪ್ಪು ನಂಗ ಅವತ್ತೇ ಕಂಡಿತ್ತು, ನಾಹೀದ."

"ಮತ್ತ ಯಾಕ ಹೇಳ್ಲಿಲ್ರಿ?"

"ಹೊಟ್ಟಿಕಿಚ್ಚು."

ನಾಹೀದ ಚಹಾ ಅರ್ಧಕ್ಕೇ ಇಟ್ಟು ನಡೆದುಬಿಟ್ಟಳು.

ಆಮೇಲೆ ಅವರಿಬ್ಬರ ನಡುವೆ ನಮಸ್ಕಾರ ಬಿಟ್ಟರೆ ಮಾತಿರಲಿಲ್ಲ. ನಾಹೀದ ವಾರಕ್ಕೆರಡು ಸಲ ಮೊದಲ ಬಸ್ಸು ಹಿಡಿದು, ಹೆಂಗಸರು ಹೊಲಕ್ಕೆ ಹೊರಡುವ ಮುಂಚೆ ಖಟಕ ಚಿಂಚೋಳಿ ತಲುಪಿ, ಮತ್ತೆ ಮೊದಲಿನಿಂದ ಕೇಳಿ ಬರೆದಳು. ಪ್ರಬಂಧ ಅಚ್ಚಾಯಿತು. ಜೂನಿನಲ್ಲಿ ಔರಾದಿನ ಕಾಲೇಜಿನಲ್ಲಿ ಅವಳಿಗೆ ಕೆಲಸವೂ ಸಿಕ್ಕಿತು. ಹೊರಡುವ ದಿನ ಮಾರ್ಗರೆಟಳ ಮೇಜಿನ ಮೇಲೆ ಇನ್ನೊಂದು ಹಾಳೆ ಇಟ್ಟಳು. ಎಕಂಬಾ ಹಳ್ಳಿಯ ರೈತ ಹೆಂಗಸರ ಬಗ್ಗೆ ಹೊಸ ರೂಪರೇಷೆ.

"ನಿಮ್ಮಷ್ಟು ಸರಿ ನೋಡೋರು ಬ್ಯಾರೆ ಯಾರೂ ಇಲ್ರಿ. ಈ ಸಲ ಹೇಳ್ರಿ."

ಮಾರ್ಗರೆಟ ಓದಿದಳು. ಮೊದಲಿನದಕ್ಕಿಂತ ಅಚ್ಚುಕಟ್ಟಾಗಿತ್ತು. ಹೊಟ್ಟೆಯೊಳಗಿನ ಕೆಂಡವೂ ಹಾಗೇ ಇತ್ತು. ಪೆನ್ಸಿಲು ತೆಗೆದುಕೊಂಡು ಪಕ್ಕದ ಕುರ್ಚಿ ತೋರಿಸಿದಳು.

"ಕೂಡು," ಎಂದಳು. "ಮೂರನೇದು ಸರಿ ಇಲ್ಲ."