ಸುಚೇತಳ ಮೂಗು ಮತ್ತು ಐದು ಕಪ್ ಕಾಫಿ

"ಹುಡುಗಿ ಎಲ್ಲಾ ಚೆನ್ನಾಗಿದ್ದಾಳೆ. ಮೂಗೊಂದು ಸ್ವಲ್ಪ ಸರಿ ಮಾಡಿಸಿಬಿಟ್ರೆ ಆಯ್ತು."

ಹೀಗೆ ಹೇಳಿದ್ದು ಹುಡುಗನ ಅಕ್ಕ. ಹೇಳಿದ್ದು ಕುಶಾಲನಗರದ ಹತ್ತಿರ, ನನ್ನ ತಂಗಿ ಗೀತಾಳ ಮನೆಯ ಹಾಲ್‌ನಲ್ಲಿ, ಹೋದ ತಿಂಗಳು ಒಂದು ಭಾನುವಾರ. ಹೇಳುವಾಗ ಆಕೆಯ ಕೈಯಲ್ಲಿ ನನ್ನ ತಂಗಿ ಬೆಳಿಗ್ಗೆಯಿಂದ ಕೂತು ಕರಿದ ಚಿರೋಟಿ ಇತ್ತು. ಸೀರೆಗೆ ಫಾಲ್ಸ್ ಹಾಕಿಸಿಬಿಡಿ ಅನ್ನುವಷ್ಟು ಸಲೀಸಾಗಿ ಹೇಳಿದರು.

"ಈಗೆಲ್ಲ ಅದು ಕಾಮನ್. ಬೆಳಿಗ್ಗೆ ಹೋದ್ರೆ ಸಾಯಂಕಾಲ ವಾಪಸ್. ನಮ್ಮ ಫ್ರೆಂಡ್ ಮಗಳೂ ಮಾಡಿಸ್ಕೊಂಡ್ಳು. ಮುಹೂರ್ತಕ್ಕೆ ಇನ್ನೂ ಟೈಮ್ ಇದೆಯಲ್ಲ?"

ಹುಡುಗ ಟೀಪಾಯ್ ಮೇಲಿನ ಗಾಜನ್ನು ನೋಡುತ್ತಾ ಕೂತಿದ್ದ. ಮೈಸೂರಿನಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದಾನೆ, ಗಾಜು, ಕಲ್ಲು ನೋಡುವುದು ಅಭ್ಯಾಸ ಇರಬಹುದು. ನನ್ನ ತಂಗಿ ನಕ್ಕಳು. ಆ ನಗು ನನಗೆ ಗೊತ್ತು. ಏನು ಹೇಳಬೇಕು ಅಂತ ತೋಚದೇ ಇದ್ದಾಗ ಅವಳು ನಗುವುದು ಹಾಗೆಯೇ.

ನಾನೇನು ಮಾಡಿದೆ? ಪ್ರತಿ ವಾರ ಈ ಅಂಕಣದಲ್ಲಿ ಕೂತು ನಿಮಗೆಲ್ಲ ಬುದ್ಧಿ ಹೇಳುವ ನಾನು, ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಧೈರ್ಯವಾಗಿ ಮಾತಾಡಿ ಅಂತ ಪಾಠ ಹೇಳಿದ ನಾನು, ಆ ಹೊತ್ತಿನಲ್ಲಿ ಇನ್ನೊಂದು ಚಿರೋಟಿ ತಟ್ಟೆಗೆ ಹಾಕಿಕೊಂಡೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ.

ಮೊದಲು ಆ ಮೂಗಿನ ಬಗ್ಗೆ ಹೇಳಿಬಿಡುತ್ತೇನೆ. ನಡುವೆ ಒಂದು ಸಣ್ಣ ಉಬ್ಬು. ತುದಿ ಸ್ವಲ್ಪ ಕೆಳಗೆ ಬಾಗಿದೆ. ಹಾಸನ ಕಡೆಯಿಂದ ಇಲ್ಲಿಗೆ ಬಂದು ನೆಲೆ ನಿಂತ ನಮ್ಮಮ್ಮ ಪಾತ್ರೆ ಪಗಡದ ಜೊತೆ ತಂದ ಮೂಗು ಅದು. ಅಮ್ಮನಿಂದ ನನಗೆ ಬಂತು. ಗೀತಾಳನ್ನು ಬಿಟ್ಟು, ಅವಳ ಮಗಳು ಸುಚೇತಳ ಮುಖಕ್ಕೆ ಹೋಗಿ ಕೂತಿತು. (ಮೇಲಿರುವ ನನ್ನ ಫೋಟೋದಲ್ಲಿ ಹುಡುಕಬೇಡಿ, ಕಾಣಿಸುವುದಿಲ್ಲ. ನೇರವಾಗಿ ಕ್ಯಾಮೆರಾ ನೋಡುತ್ತಿದ್ದೇನೆ. ಬೇಕೆಂದೇ.) ನನ್ನ ಮದುವೆಯ ದಿನ ಫೋಟೋಗ್ರಾಫರ್ ಹೇಳಿದ್ದ, "ಮೇಡಂ, ನೀವು ಸೈಡಿಗೆ ತಿರುಗಬೇಡಿ." ಅವತ್ತಿನಿಂದ ನಾನು ಸೈಡಿಗೆ ತಿರುಗಿಲ್ಲ.

ಹಾಗಾಗಿ ಆ ಭಾನುವಾರ ಹುಡುಗನ ಅಕ್ಕ ಅಂದದ್ದು ಒಂದೇ ಮೂಗಿಗಲ್ಲ.

ಇನ್ನು ಸುಚೇತಳ ಕೆಲಸ. ಬಿಟ್ಟಂಗಾಲದಲ್ಲಿ ಕಾಫಿ ಪರೀಕ್ಷೆ ಮಾಡುವ ಒಂದು ಲ್ಯಾಬ್ ಇದೆ. ತೋಟದವರು, ವ್ಯಾಪಾರದವರು ಸ್ಯಾಂಪಲ್ ಕಳಿಸುತ್ತಾರೆ. ಅದನ್ನು ಹದವಾಗಿ ಹುರಿದು, ಪುಡಿ ಮಾಡಿ, ಒಂದು ಲಾಟ್‌ಗೆ, ಅಂದರೆ ಒಂದು ರಾಶಿಗೆ, ಐದು ಕಪ್ ಇಡುತ್ತಾರೆ. ಸುಚೇತ ಮೊದಲು ಒಣಪುಡಿ ಮೂಸಿ ನೋಡುತ್ತಾಳೆ. ಆಮೇಲೆ ಬಿಸಿನೀರು ಹಾಕಿ, ನಾಲ್ಕು ನಿಮಿಷ ಬಿಟ್ಟು, ಮೇಲೆ ಕಟ್ಟಿದ ಕೆನೆಯಂಥ ಪದರವನ್ನು ಚಮಚದಲ್ಲಿ ಒಡೆಯುತ್ತಾ ಮತ್ತೆ ಮೂಸುತ್ತಾಳೆ. ಕೊನೆಗೆ ಸೊರ್ ಅಂತ ಹೀರಿ ಉಗಿಯುತ್ತಾಳೆ. ಕಪ್ಪಿಂಗ್ ಅಂತಾರೆ ಇದಕ್ಕೆ. (ಮೊದಲ ಸಲ ನೋಡಿದಾಗ, ಇವಳನ್ನು ಎಂಎಸ್ಸಿ ಓದಿಸಿದ್ದು ಉಗಿಯೋಕಾ ಅಂತ ಅಂದುಕೊಂಡಿದ್ದೆ.)

ಹೋದ ವರ್ಷ ಸಿದ್ದಾಪುರ ಕಡೆಯ ಬೆಳೆಗಾರರೊಬ್ಬರ ಸ್ಯಾಂಪಲ್ ಮೂಸಿ, "ಇದು ಕಣದಲ್ಲಿ ಸರಿಯಾಗಿ ಒಣಗಿಲ್ಲ, ಮುಗ್ಗಲು ವಾಸನೆ ಇದೆ" ಅಂದಳಂತೆ. ಅವರು ಜಗಳಕ್ಕೇ ಬಂದರು. ಆಮೇಲೆ ಮನೆಗೆ ಹೋಗಿ ತೋಟದ ಲೆಕ್ಕ ನೋಡುವ ರೈಟರ್‌ನನ್ನು ವಿಚಾರಿಸಿದರೆ, ಮಳೆ ಬಂದಾಗ ಎರಡು ದಿನ ಬೀಜ ಟಾರ್ಪಾಲಿನ ಕೆಳಗೇ ಇತ್ತು ಅಂತ ಗೊತ್ತಾಯಿತು. ಫೋನ್ ಮಾಡಿ ಸಾರಿ ಕೇಳಿದರು. ಈಗ ಸ್ಯಾಂಪಲ್ ಕಳಿಸುವಾಗ "ಆ ಹುಡುಗಿ ಹತ್ರಾನೇ ನೋಡಿಸಿ" ಅಂತಾರಂತೆ. ಎಲ್ಲ ಆ ಉಬ್ಬಿರುವ ಮೂಗಿನ ಕೆಲಸ.

ಗಂಡಿನವರು ಬಂದ ಆ ಭಾನುವಾರ ಬೆಳಿಗ್ಗೆ ಗೀತಾ ಎರಡು ಮೊಳ ಮಲ್ಲಿಗೆ ತಂದಿಟ್ಟಿದ್ದಳು. ಸುಚೇತ ಬೇಡ ಅಂದಳು. ಸೋಮವಾರ ಬೆಳಿಗ್ಗೆ ಲ್ಯಾಬಿನಲ್ಲಿ ಕೆಲಸ, ಕೂದಲಲ್ಲಿ ವಾಸನೆ ಉಳಿಯುತ್ತೆ ಅನ್ನುವುದು ಅವಳ ವಾದ. "ಒಂದಿನ ಮುಡ್ಕೊಂಡ್ರೆ ನಿನ್ನ ಕಾಫಿ ಏನು ಓಡೋಗುತ್ತಾ?" ಅಂತ ಗೀತಾ ರೇಗಿದಳು. ಕೊನೆಗೆ ಪಕ್ಕದ ಮನೆಯಿಂದ ಕನಕಾಂಬರ ತಂದು ಮುಡಿಸಿದ್ದಾಯಿತು. ಅದಕ್ಕೆ ವಾಸನೆ ಇಲ್ಲವಲ್ಲ.

ಗಂಡಿನವರು ಹೋದ ಮೇಲೆ ಮನೆಯಲ್ಲಿ ಶುರುವಾಯಿತು.

"ಅಕ್ಕ, ಬೇಡ ಅನ್ನೋದು ನೀನು ಪೇಪರಲ್ಲಿ ಬರೆಯೋಕೆ ಚೆಂದ ಕಣೆ. ಇದು ಐದನೇ ಸಂಬಂಧ. ಒಳ್ಳೆ ಮನೆತನ. ಒಂದು ಮೂಗಿಗೋಸ್ಕರ ಕೈ ಬಿಡೋಕಾಗುತ್ತಾ?" ಅಂದಳು ಗೀತಾ. ಅವಳ ಕಣ್ಣು ತುಂಬಿತ್ತು. ಅವಳನ್ನೂ ಬೈಯುವ ಹಾಗಿರಲಿಲ್ಲ.

ನಾನು ಗಂಟಲು ಸರಿಮಾಡಿಕೊಂಡು ಸುಚೇತಳ ಕಡೆ ತಿರುಗಿ ಭಾಷಣ ಶುರು ಮಾಡಿದೆ. ದೇವರು ಕೊಟ್ಟ ರೂಪ, ನೀನಿರೋ ಹಾಗೇ ಚೆಂದ, ಇತ್ಯಾದಿ. ಎರಡನೇ ವಾಕ್ಯಕ್ಕೇ ಅವಳು ತಡೆದಳು.

"ದೊಡ್ಡಮ್ಮ, ನೀವು ಸೈಡಿಗೆ ತಿರುಗಿ ನಿಂತು ಫೋಟೋ ತೆಗೆಸ್ಕೊಂಡು ಎಷ್ಟು ವರ್ಷ ಆಯ್ತು?"

ನನ್ನ ಕೈ ತಾನಾಗೇ ಮೂಗಿನ ಮೇಲೆ ಹೋಯಿತು.

"ಹೈಸ್ಕೂಲಲ್ಲಿ ಹುಡುಗ್ರು ನನ್ನ ಗಿಣಿ ಅಂತಿದ್ರು. ಕನ್ನಡಿ ಮುಂದೆ ಬೆರಳಿಂದ ಮೂಗು ಒತ್ತಿ ನೋಡ್ಕೊಂಡಿದೀನಿ ನಾನೂ. ಮಾಡಿಸ್ಕೋಬೇಕು ಅಂತ ಯಾವತ್ತೂ ಅನ್ನಿಸಿಲ್ಲ ಅಂತ ಸುಳ್ಳು ಹೇಳಲ್ಲ. ಡಾಕ್ಟರನ್ನ ಕೇಳ್ತೀನಿ. ಅವರಿಗೋಸ್ಕರ ಹೂಂ ಅನ್ನಲ್ಲ, ನಿಮಗೋಸ್ಕರ ಉಹೂಂ ಅನ್ನಲ್ಲ."

ಹೀಗೆ ನಾವು ಮೈಸೂರಿನ ಒಬ್ಬ ಪ್ಲಾಸ್ಟಿಕ್ ಸರ್ಜನ್ ಮುಂದೆ ಕೂತೆವು. ನಾನು, ಸುಚೇತ, ಮತ್ತು ಹುಡುಗನ ಅಕ್ಕ. (ಅವರನ್ನು ಯಾರು ಕರೆದರು ಅಂತ ಕೇಳಬೇಡಿ. ನಾವು ಹೋಗುವ ಹೊತ್ತಿಗೆ ರಿಸೆಪ್ಷನ್‌ನಲ್ಲಿ ಕೂತಿದ್ದರು.)

ಡಾಕ್ಟರು ಹೆಂಗಸು, ನನ್ನದೇ ವಯಸ್ಸು. ಮೊದಲು ಕೇಳಿದ್ದು, "ಇದು ಯಾರಿಗೆ ಬೇಕಾಗಿರೋದು?" ಹುಡುಗನ ಅಕ್ಕ ಉತ್ತರ ಕೊಡಲು ಹೋದರು. "ಅವರನ್ನ ಕೇಳಿದ್ದು," ಅಂದರು ಡಾಕ್ಟರು. ನನಗೆ ಅಲ್ಲೇ ಅವರು ಇಷ್ಟವಾಗಿಬಿಟ್ಟರು.

"ಗೊತ್ತಿಲ್ಲ ಮೇಡಂ. ತಿಳ್ಕೊಳ್ಳೋಕೆ ಬಂದಿದೀನಿ," ಅಂದಳು ಸುಚೇತ.

ಡಾಕ್ಟರು ತಿಳಿಸಿದರು. ಬೆಳಿಗ್ಗೆ ಹೋಗಿ ಸಾಯಂಕಾಲ ಬರಬಹುದು, ಕೆಲವರಿಗೆ ಅದು ನಿಜ. ಆದರೆ ಹೆಚ್ಚಾಗಿ ಪೂರ್ತಿ ಅರಿವಳಿಕೆ ಕೊಟ್ಟು ಮಾಡುವ ಆಪರೇಷನ್ ಇದು, ಬ್ಯೂಟಿ ಪಾರ್ಲರ್ ಕೆಲಸ ಅಲ್ಲ. ಮೂಗಿನ ಮೇಲೆ ಸುಮಾರು ಒಂದು ವಾರ ಪಟ್ಟಿ ಇರುತ್ತೆ. ಕಣ್ಣಿನ ಸುತ್ತ ನೀಲಿಗಟ್ಟುತ್ತೆ. ಕನ್ನಡಕ ಹಾಕುವವರು ಕೆಲವು ವಾರ ಅದನ್ನು ಮೂಗಿನ ಮೇಲೆ ಊರುವ ಹಾಗಿಲ್ಲ. ಊತ ಪೂರ್ತಿ ಇಳಿದು ಮೂಗು ತನ್ನ ಆಕಾರಕ್ಕೆ ಬರಲು ಒಂದು ವರ್ಷವೂ ಆಗಬಹುದು.

"ಒಂದು ವರ್ಷಾನಾ?" ಅಂದರು ಹುಡುಗನ ಅಕ್ಕ. ಮನಸ್ಸಿನಲ್ಲೇ ಮುಹೂರ್ತ ಲೆಕ್ಕ ಹಾಕಿದ್ದು ಮುಖದಲ್ಲಿ ಕಂಡಿತು.

"ಹೌದು. ಮದುವೆ ಡೇಟ್ ನೋಡ್ಕೊಂಡು ಬರೋರಿಗೆ ನಾನು ಸಾಮಾನ್ಯವಾಗಿ ಬೇಡ ಅಂತೀನಿ," ಅಂದರು ಡಾಕ್ಟರು. ಕಂಪ್ಯೂಟರ್‌ನಲ್ಲಿ ತೋರಿಸುವ ಹೊಸ ಮೂಗು ಬರೀ ಅಂದಾಜು, ಗ್ಯಾರಂಟಿ ಅಲ್ಲ. ಕೆಲವರಿಗೆ ಎರಡನೇ ಸಲ ಮಾಡಬೇಕಾಗುತ್ತೆ. ಕೆಲವರಿಗೆ ಉಸಿರಾಟಕ್ಕೆ ತೊಂದರೆ ಆಗಬಹುದು, ಮೂಗಿನ ತುದಿ ತಿಂಗಳುಗಟ್ಟಲೆ ಜೋಮು ಹಿಡಿದ ಹಾಗಿರಬಹುದು. ಯಾವುದನ್ನೂ ಅವರು ಹೆದರಿಸುವ ದನಿಯಲ್ಲಿ ಹೇಳಲಿಲ್ಲ. ಬಸ್ಸಿನ ಟೈಮ್ ಹೇಳುವ ಹಾಗೆ ಹೇಳಿದರು.

ಆಮೇಲೆ ಪೆನ್ನು ತಗೊಂಡು ಫಾರಂ ತುಂಬಿಸತೊಡಗಿದರು. ವಯಸ್ಸು? ಇಪ್ಪತ್ತೆಂಟು. ಅಲರ್ಜಿ? ಇಲ್ಲ. ಕೆಲಸ?

"ಕಾಫಿ ಮೂಸೋದು ಮೇಡಂ."

ಡಾಕ್ಟರು ಪೆನ್ನು ಕೆಳಗಿಟ್ಟರು.

ಸುಚೇತ ವಿವರಿಸಿದಳು. ಡಾಕ್ಟರು ಪೂರ್ತಿ ಕೇಳಿಸಿಕೊಂಡರು. "ಊತ ಇರೋವರೆಗೂ ವಾಸನೆ ಸರಿಯಾಗಿ ಗೊತ್ತಾಗಲ್ಲ. ವಾರಗಟ್ಟಲೆ ಆಗಬಹುದು, ತಿಂಗಳುಗಟ್ಟಲೆ ಆಗಬಹುದು. ಬಹಳಷ್ಟು ಜನಕ್ಕೆ ವಾಪಸ್ ಬರುತ್ತೆ. ಅಪರೂಪಕ್ಕೆ ಯಾರಿಗೋ ಮೊದಲಿನಷ್ಟು ಬರಲ್ಲ. ಅಪರೂಪ ಅನ್ನೋದು ನೆನಪಿರಲಿ. ಆದ್ರೆ ಮೂಗಿನಿಂದಲೇ ಸಂಬಳ ತಗೊಳ್ಳೋರು ನನ್ನ ಹತ್ರ ಬಂದಿರೋದು ಇದೇ ಮೊದಲು."

"ಕಾಫಿ ವಾಸನೆ ತಾನೇ ಮೇಡಂ?" ಹುಡುಗನ ಅಕ್ಕ ನಕ್ಕರು. "ಅದು ಯಾರಿಗೆ ಗೊತ್ತಾಗಲ್ಲ?"

ಸುಚೇತಳ ಕಿವಿ ಕೆಂಪಾಗಿದ್ದನ್ನು ನಾನು ನೋಡಿದೆ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು, ಇಲ್ಲದಿದ್ದರೆ ನಾಳೆ ನೀವು ಪತ್ರ ಬರೆಯುತ್ತೀರಿ. ಈ ಆಪರೇಷನ್ ಮಾಡಿಸಿಕೊಳ್ಳುವವರ ಮೇಲೆ ನನಗೇನೂ ಸಿಟ್ಟಿಲ್ಲ. ನನ್ನ ಹಳೇ ವಿದ್ಯಾರ್ಥಿನಿ ಒಬ್ಬಳು ಪೊನ್ನಂಪೇಟೆ ರಸ್ತೆಯಲ್ಲಿ ಸ್ಕೂಟರ್‌ನಿಂದ ಬಿದ್ದು ಮೂಗು ಸೊಟ್ಟ ಮಾಡಿಕೊಂಡಿದ್ದಳು. ಆಪರೇಷನ್ ಮಾಡಿಸಿಕೊಂಡಳು, ಈಗ ನೆಮ್ಮದಿಯಾಗಿ ಉಸಿರಾಡುತ್ತಾಳೆ, ಚೆಂದವಾಗಿಯೂ ಇದ್ದಾಳೆ. ಬರೀ ಚೆಂದಕ್ಕೇ ಮಾಡಿಸಿಕೊಂಡರೂ ತಪ್ಪೇನು? ನಾನು ತಲೆಗೆ ಡೈ ಹಚ್ಚುವಾಗ ಯಾರಾದರೂ ಕಾರಣ ಕೇಳುತ್ತಾರಾ? ಮಾಡಿಸಿಕೊಳ್ಳಿ. ಆದರೆ ಕತ್ತಿ ಹಿಡಿಯುವವರು ಏನು ಓದಿದ್ದಾರೆ, ಇಂಥ ಮೂಗು ಎಷ್ಟು ಮಾಡಿದ್ದಾರೆ, ಅರಿವಳಿಕೆ ಕೊಡುವವರು ಯಾರು, ಕೆಟ್ಟರೆ ಮುಂದೇನು ಅಂತ ಬಾಯಿಬಿಟ್ಟು ಕೇಳಿ. ಮೊಬೈಲ್‌ನಲ್ಲಿ ಬರುವ ಹಿಂದೆ ಹೀಗಿತ್ತು, ಈಗ ಹೀಗಿದೆ ಅನ್ನುವ ರೀಲ್ಸ್ ನೋಡಿ ಮುಂಗಡ ಕೊಡಬೇಡಿ. ಎಲ್ಲಕ್ಕಿಂತ ಮೊದಲು, ಚಿರೋಟಿ ತಿನ್ನುತ್ತಾ ಯಾರೋ ಹೇಳಿದರು ಅಂತ ಹೋಗಬೇಡಿ.

ವಾಪಸ್ ಬರುವಾಗ ಕಾರು ಹುಣಸೂರು ದಾಟಿದ ಮೇಲೆ ಸುಚೇತ ಹುಡುಗನಿಗೇ ಫೋನ್ ಮಾಡಿದಳು. "ಶನಿವಾರ ನಮ್ಮ ಲ್ಯಾಬಿಗೆ ಬನ್ನಿ. ನಾನು ಏನು ಕೆಲಸ ಮಾಡ್ತೀನಿ ಅಂತ ನೋಡಿ. ಆಮೇಲೆ ಮಾತಾಡೋಣ."

ಬಂದ. ಅಕ್ಕನೂ ಬಂದರು.

ಲ್ಯಾಬಿನ ಬಾಗಿಲಲ್ಲಿ ಹಿರಿಯ ಟೇಸ್ಟರ್ ಬೋಪಣ್ಣ ನಿಂತಿದ್ದರು. ಬಹಳ ಮರ್ಯಾದಸ್ಥ ಮನುಷ್ಯ. ಕೈ ಮುಗಿದು ಹೇಳಿದರು, "ಅಮ್ಮ, ಬೇಜಾರು ಮಾಡ್ಬೇಡಿ. ಸೆಂಟ್ ಹಾಕಿದವ್ರನ್ನ ಒಳಗೆ ಬಿಡೋದಿಲ್ಲ. ನಮ್ಮ ಓನರ್ ಬಂದ್ರೂ ಹಾಗೇ." ನಾನು ಹಿಂದೊಮ್ಮೆ ಘಮ್ಮೆನ್ನುವ ಕೂದಲೆಣ್ಣೆ ಹಚ್ಚಿಕೊಂಡು ಹೋಗಿ ಇದೇ ಬಾಗಿಲಿನಿಂದ ವಾಪಸ್ ಬಂದವಳು. ಅವತ್ತು ಬರೀ ಸೀಗೆಕಾಯಿ ಹಾಕಿ ಮಿಂದು ಹೋಗಿದ್ದೆ. ಹುಡುಗನ ಅಕ್ಕ ಹೊರಗೆ, ಗಾಜಿನ ಕಿಟಕಿಯ ಆಚೆ ನಿಂತರು. (ನನಗೆ ಖುಷಿಯಾಯಿತಾ? ಆಯಿತು.)

ಮೇಜಿನ ಮೇಲೆ ಐದು ಕಪ್. ಒಂದೇ ತೋಟದ, ಒಂದೇ ಲಾಟ್‌ನ ಕಾಫಿ. ಸುಚೇತ ಹುಡುಗನಿಗೆ ಮೂಸಿ ನೋಡಿ ಅಂದಳು. ಅವನು ಐದನ್ನೂ ಶ್ರದ್ಧೆಯಿಂದ ಮೂಸಿದ. "ಎಲ್ಲಾ ಒಂದೇ," ಅಂದ. ನಾನೂ ಮೂಸಿದೆ. ನನಗೂ ಒಂದೇ. ಮೂಗು ಅದೇ ಆದರೂ ನನ್ನದಕ್ಕೆ ವಿದ್ಯೆ ಇಲ್ಲ.

ಅವಳು ಕೂದಲು ಬಿಗಿದು ಕಟ್ಟಿ, ಚಮಚ ಹಿಡಿದು ಬಗ್ಗಿದಳು. ಮೊದಲ ಕಪ್. ಎರಡನೆಯದು. ಮೂರನೆಯದರಲ್ಲಿ ನಿಂತಳು. ಚಮಚ ತೊಳೆದು ಇನ್ನೊಮ್ಮೆ ಬಗ್ಗಿದಳು. "ನೆಂದ ಗೋಣಿಚೀಲ," ಅಂದಳು. ಬೋಪಣ್ಣ ಬಂದು ಮೂಸಿದರು, ತಲೆಯಾಡಿಸಿದರು, ಹಾಳೆಯಲ್ಲಿ ಬರೆದುಕೊಂಡರು. ಎಲ್ಲೋ ಒಂದೆರಡು ಕೆಟ್ಟ ಬೀಜ ಆ ಕಪ್‌ಗೆ ಬಿದ್ದಿರಬೇಕು ಅಂತ ನನಗೆ ವಿವರಿಸಿದರು. ಅವಳ ಮೂಗಿನ ತುದಿಗೆ ಕಾಫಿಯ ನೊರೆ ಅಂಟಿತ್ತು. ಅಷ್ಟು ಚೆಂದವಾಗಿ ಅವಳನ್ನು ನಾನು ಯಾವ ಮದುವೆ ಮನೆಯಲ್ಲೂ ನೋಡಿಲ್ಲ.

ನೊರೆ ಒರೆಸಿಕೊಂಡು ಅವಳು ಹುಡುಗನ ಕಡೆ ತಿರುಗಿದಳು. "ನನಗೆ ಈ ಕೆಲಸ ಇಷ್ಟ. ಇದನ್ನ ಪಣಕ್ಕಿಟ್ಟು ಮೂಗು ತಿದ್ದಿಸ್ಕೊಳ್ಳಲ್ಲ. ತೀರ್ಮಾನ ಮಾಡಿದೀನಿ."

ಹುಡುಗ ಗಾಜಿನ ಆಚೆ ನಿಂತ ಅಕ್ಕನನ್ನು ನೋಡಿದ. ಆಮೇಲೆ ಸಣ್ಣ ದನಿಯಲ್ಲಿ, "ಮೂಗಿನ ವಿಷಯ ನಾನು ಏನೂ ಹೇಳ್ಲಿಲ್ಲ. ಅಕ್ಕ ಹೇಳಿದ್ದು," ಅಂದ.

"ಹೌದು," ಅಂದಳು ಸುಚೇತ. "ನೀವು ಏನೂ ಹೇಳ್ಲಿಲ್ಲ."

ಮತ್ತೆ ಬಗ್ಗಿ ನಾಲ್ಕನೇ ಕಪ್‌ಗೆ ಹೋದಳು.

ಆ ಮಾತು ಹುಡುಗನಿಗೆ ಎಷ್ಟು ತಾಗಿತೋ ಗೊತ್ತಿಲ್ಲ. ನನಗೆ ತಾಗಿತು. ಆ ಭಾನುವಾರ ಏನೂ ಹೇಳದೇ ಕೂತವರಲ್ಲಿ ಅವನೊಬ್ಬನೇ ಇರಲಿಲ್ಲವಲ್ಲ. ತಡವಾಗಿಯಾದರೂ ಹೇಳುತ್ತಿದ್ದೇನೆ. ಅವತ್ತೇ ಚಿರೋಟಿ ತಟ್ಟೆ ಕೆಳಗಿಟ್ಟು, "ನಮ್ಮ ಹುಡುಗಿಯ ಮೂಗಿನ ಸುದ್ದಿ ನಿಮಗೆ ಬೇಡ" ಅಂತ ಹೇಳಬೇಕಿತ್ತು. ಆ ಶನಿವಾರ ಹೊರಡುವ ಮೊದಲು ಲ್ಯಾಬಿನ ಅಂಗಳದಲ್ಲಿ ಸುಚೇತಳ ಕೈಗೆ ಮೊಬೈಲ್ ಕೊಟ್ಟು, ಸೈಡಿಗೆ ತಿರುಗಿ ನಿಂತು ಒಂದು ಫೋಟೋ ತೆಗೆಸಿಕೊಂಡೆ. ಸಂಪಾದಕರಿಗೆ ಕಳಿಸಿದ್ದೇನೆ. ಮುಂದಿನ ವಾರದಿಂದ ಈ ಅಂಕಣದ ಮೇಲೆ ಅದನ್ನು ಹಾಕದಿದ್ದರೆ ಅವರಿಗೂ ನನಗೂ ಜಗಳ.

ಮೊನ್ನೆ ಬುಧವಾರ ಗೀತಾ ಫೋನ್ ಮಾಡಿದ್ದಳು. ದನಿಯಲ್ಲಿ ಹಬ್ಬ. ಹುಡುಗನ ಅಕ್ಕ ಹೇಳಿ ಕಳಿಸಿದ್ದಾರಂತೆ. ಮನೆಯಲ್ಲಿ ಎಲ್ಲರೂ ಕೂತು ಮಾತಾಡಿದರಂತೆ, ಮೂಗು ಈಗಿರುವ ಹಾಗೇ ಇರಲಿ, ಅವರದೇನೂ ಅಭ್ಯಂತರ ಇಲ್ಲವಂತೆ. ಸುಚೇತ ಇನ್ನೂ ಉತ್ತರ ಕೊಟ್ಟಿಲ್ಲ. ಏನು ಕೊಡುತ್ತಾಳೋ ಅದು ಅವಳಿಗೆ ಬಿಟ್ಟದ್ದು. ನನ್ನದು ಒಂದೇ ಪ್ರಶ್ನೆ.

ಅವಳ ಮೂಗು ಅವಳ ಮುಖದ ಮೇಲೆ ಇರಲಿ ಅಂತ ಒಪ್ಪಿಗೆ ಕೊಡೋಕೆ, ಇವರನ್ನು ಕೇಳಿದವರು ಯಾರು?